ಮಾಳಶೇಜ್ ಘಾಟಿನಲ್ಲಿ ಹಿಟ್ಟು

ಮುನಿಸಿಪಾಲ್ಟಿಯವರು ಪೈಪು ಅಗೆದು ಹಾಗೇ ಬಿಟ್ಟುಹೋದ ಕಾರಣ
ಘಾಟಕೋಪರಿನ ನಮ್ಮ ಕ್ಯಾಂಟೀನಿಗೆ ನೀರಿಲ್ಲ, ಒಂದು ದಿನ ರಜೆ.
ಧಣಿಗಳು ಡೀಸೆಲ್ಲಿಗೆ ದುಡ್ಡು ಕೊಟ್ಟರು,
ಯಾಕೆ ಕೊಟ್ಟರೋ, ಯಾರೂ ಕೇಳಲಿಲ್ಲ.
ಇಡ್ಲಿ ಸಾಗಿಸುವ ಟೆಂಪೋದಲ್ಲಿ ಒಂಬತ್ತು ಜನ,
ಮೂಲೆಯಲ್ಲಿ ಹಿಟ್ಟಿನ ಕ್ಯಾನೊಂದು:
ಡ್ರಮ್ಮಿನ ತಳದ ನೀರಲ್ಲಿ ನಸುಕಿಗೆ ರುಬ್ಬಿದ್ದು,
ಚೆಲ್ಲಲು ಮನಸ್ಸಾಗದೆ ಹೇರಿಕೊಂಡದ್ದು.

ಕಲ್ಯಾಣ, ಮುರಬಾಡ. ಆಮೇಲೆ ರಸ್ತೆ
ಎದ್ದು ನಿಂತಿತು.
ದೋಸೆಯ ಐತಪ್ಪಣ್ಣ,
ಮೂವತ್ತೊಂದು ವರ್ಷ ಕಾವಲಿಯ ಮುಂದೆ ನಿಂತವರು,
ಪ್ರತಿ ತಿರುವಿಗೂ ನನ್ನ ತೊಡೆ ಹಿಡಿದು
“ಇದು ಯಾರು ಹುಯ್ದದ್ದು ಮಾರಾಯ, ಅಂಚೇ ಸರಿ ಇಲ್ಲ” ಎಂದರು.

ಪಾತ್ರೆ ತೊಳೆಯುವ ಮಾಳಪ್ಪ, ಆಳಂದದ ಹುಡುಗ,
ಕಿಟಕಿಯಾಚೆ ಕೈ ಚಾಚಿ ಮೋಡ ಹಿಡಿದ.
ಮುಷ್ಟಿ ಬಿಚ್ಚಿ ತೋರಿಸಿದ:
ಬೆರಳ ಸಂದಿನಲ್ಲಿ ಸೋಪು ತಿಂದ ಗಾಯ,
ಅದರ ಮೇಲೆ ಒಂದಿಷ್ಟು ತಂಪು.
ಯಾರಿಗೂ ಮಾತು ಬರಲಿಲ್ಲ. ಡ್ರೈವರ್ ದಗಡೂ ಹಾರ್ನ್ ಹೊಡೆದ.

ಮೇಲೆ, ತಡೆಗೋಡೆಯ ಬಳಿ,
ಬಂಡೆಯಿಂದ ಬಿದ್ದ ನೀರು ಕೆಳಗೆ ಹೋಗಲೊಪ್ಪದೆ
ಗಾಳಿಗೆ ತಿರುಗಿ ಮತ್ತೆ ಮೇಲಕ್ಕೇ ಹಾರುತ್ತಿತ್ತು.
ಎಲ್ಲರೂ ಮೊಬೈಲು ಎತ್ತಿದರು.
ಐತಪ್ಪಣ್ಣ ಮಾತ್ರ ಒದ್ದೆ ಅಂಗೈಯಿಂದ
ಬಂಡೆಗೆ ನಾಕು ಹನಿ ಸಿಡಿಸಿ, ಕಿವಿಗೊಟ್ಟರು.
ಚುರ್ ಎನ್ನಲಿಲ್ಲ.
“ಇಷ್ಟು ದೊಡ್ಡ ಕಾವಲಿ, ಕೆಳಗೆ ಬೆಂಕಿಯೇ ಇಲ್ಲ!”
ನಗುತ್ತಿದ್ದರೋ ಏನೋ, ಮುಖವೆಲ್ಲ ನೀರು.

ಸಗುಣಾಬಾಯಿಯ ತಗಡಿನ ಅಂಗಡಿಯಲ್ಲಿ ಸೌದೆ ಹಸಿ.
ಹೊಗೆ ನೋಡಿ ತಡೆಯಲಾರದೆ ಅವರು ಒಳಹೊಕ್ಕರು,
ಕುಕ್ಕರಗಾಲಲ್ಲಿ ಕೂತು ಒಲೆ ಊದಿದರು,
ಕಾಂದಾ ಭಜಿ ಕರಿದರು. ರಜೆಯ ದಿನ.
ಆಕೆ ನಮ್ಮಿಂದ ದುಡ್ಡು ತೆಗೆದುಕೊಂಡಳು, ಅವರಿಂದ ಇಲ್ಲ.
ಗಲ್ಲಾದಲ್ಲಿ ಕೂರುವವನು ನಾನು,
ಲೆಕ್ಕ ಸರಿ ಎಂದೆ.

ಹೊರಡುವ ಮುಂಚೆ ಕ್ಯಾನಿನ ಮುಚ್ಚಳ ತೆಗೆದು ನೋಡಿದೆವು:
ಹಿಟ್ಟು ತಣ್ಣಗೆ, ತಳ ಹಿಡಿದು ಮಲಗಿತ್ತು,
ಒಂದು ಗುಳ್ಳೆಯಿಲ್ಲ.
“ಎತ್ತರ ಇದಕ್ಕೆ ಆಗಿಬರುವುದಿಲ್ಲ” ಎಂದು
ಐತಪ್ಪಣ್ಣ ಮುಚ್ಚಿದರು.

ಇಳಿಯುವಾಗ ಕತ್ತಲು. ಒಬ್ಬರ ಭುಜದ ಮೇಲೊಬ್ಬರು ನಿದ್ದೆ.
ಮುರಬಾಡ ದಾಟಿ, ಸೆಕೆ ಮತ್ತೆ ಅಂಟಿಕೊಳ್ಳುತ್ತಲೇ
ಮೂಲೆಯಲ್ಲಿ ಟಿಕ್ ಎಂದು ಸದ್ದು.
ಸ್ವಲ್ಪ ಹೊತ್ತಿಗೆ ಇನ್ನೊಂದು.
ಹಿಟ್ಟು ಮುಚ್ಚಳ ಎತ್ತುತ್ತಿತ್ತು.
ಮಾಳಪ್ಪ ನಿದ್ದೆಗಣ್ಣಲ್ಲೇ ತೆವಳಿ ಹೋಗಿ
ಅದರ ಮೇಲೆ ಕೈಯಿಟ್ಟು ಕೂತ,
ಮೋಡ ಹಿಡಿದಿದ್ದ ಕೈ,
ಘಾಟಕೋಪರ್ ಬರುವವರೆಗೂ.