ನಾಲ್ಕು ಹೆಜ್ಜೆಯ ಕೋಣೆ

ಕೊನೆಯ ಟ್ರಿಪ್ಪಿನ ಲೆಕ್ಕ ಡಿಪೋದಲ್ಲಿ ಒಪ್ಪಿಸಿ
ಕೋಡಿಬಾಗ ಮುಟ್ಟುವಾಗ ಹತ್ತೂಕಾಲು.
ಬಂಗಡೆ ಸಾರು ಮತ್ತೊಮ್ಮೆ ಕುದಿಯುವಷ್ಟರಲ್ಲಿ
ಖಾಕಿ ಬಿಚ್ಚಿ ಮೊಳೆಗೆ ಸಿಕ್ಕಿಸಿ
ಹಳೇ ಚೂಡಿದಾರದ ಮೇಲೆ ಬಿಳಿ ಪಟ್ಟಿ ಕಟ್ಟಿಕೊಳ್ಳುತ್ತೇನೆ.
ಗಂಟು ಇನ್ನೂ ಕೈಗೆ ಬಂದಿಲ್ಲ,
ಅಕ್ಕಿಚೀಲದ ಬಾಯಿ ಕಟ್ಟಿದ ಹಾಗೆ ಕಾಣುತ್ತದೆ.

ಯಾಕೆ ಸೇರಿದೆ ಎಂದವರಿಗೆ
ಮೊಣಕಾಲು ನೋವು ಎನ್ನುತ್ತೇನೆ.
ಅರ್ಧ ನಿಜ.

ಭಾನುವಾರ ಇನಾಸ್ ಸರ್ ಕ್ಲಾಸಿನಲ್ಲಿ
ನನ್ನ ಪಕ್ಕ ನಿಲ್ಲುವವಳು ಪೂರ್ವಿ, ಮೂರನೇ ಇಯತ್ತೆ.
ಮುಂದಿನ ಎರಡು ಹಲ್ಲಿಲ್ಲ, ಸೊಂಟದಲ್ಲಿ ಹಳದಿ ಪಟ್ಟಿಯಿದೆ.
"ಆಂಟಿ, ಹಿಮ್ಮಡಿ ಏಳ್ತದೆ ನೋಡಿ."
ಹೌದು, ಏಳುತ್ತದೆ.
ಮನೆಯಲ್ಲಿ ಹೇಳುವವರಿಲ್ಲ.
ಕಪಾಟಿನ ಕನ್ನಡಿ ಸೊಂಟದವರೆಗೆ ಮಾತ್ರ.
ಅದರೊಳಗೆ ಒಬ್ಬ ಹೆಂಗಸು, ನಲವತ್ತಮೂರು,
ಯಾರ ಮೇಲೋ ಸಿಟ್ಟು ಬಂದವಳ ಹಾಗೆ
ಗಾಳಿಗೆ ಗುದ್ದುತ್ತಿದ್ದಾಳೆ.
ಸಿಟ್ಟೇನಿಲ್ಲ ಅವಳಿಗೆ.
ಹೆಬ್ಬೆರಳು ಮುಷ್ಟಿಯ ಒಳಗೆ ಹೋಗಬಾರದು,
ತಲೆಯಲ್ಲಿರುವುದು ಅಷ್ಟೇ.

ಇಚಿ, ನಿ, ಸಾನ್, ಶಿ, ಗೋ.
ಐದರಿಂದಾಚೆ ಜಪಾನು ನೆನಪಿಗೆ ಬಾರದು.
ಆರಕ್ಕೆ ಬಿಣಗಾ ಎನ್ನುತ್ತೇನೆ, ಏಳಕ್ಕೆ ಅರಗಾ,
ಅಮದಳ್ಳಿ, ಅವರ್ಸಾ,
ಅಂಕೋಲೆ ಬಂತೆಂದರೆ ಎಡಗೈ ಮುಗಿಯಿತು.
ಬಲಗೈಗೆ ವಾಪಸ್ ಟ್ರಿಪ್ಪು.

ಕೋಣೆ ನಾಲ್ಕೇ ಹೆಜ್ಜೆ,
ಸರ್ ಕಲಿಸಿದ ಕಟಾಕ್ಕೆ ಏಳು ಬೇಕು.
ಟ್ರಂಕು ಸರಿಸಿದೆ, ಮಂಚ ಸರಿಯಲೊಲ್ಲದು.
ಹಾಗಾಗಿ ಐದನೆಯದು ಹೊಸ್ತಿಲ ಮೇಲೆ,
ಆರನೆಯದು ಅಡುಗೆಮನೆಯ ಒದ್ದೆಯಲ್ಲಿ,
ಏಳನೆಯದಕ್ಕೆ ಎದುರಾಳಿ
ಭರ್ತಿ ಸಿಲಿಂಡರು.
ಅಲ್ಲಿ ಒಮ್ಮೆ ಕೂಗಬೇಕು, ಹೊಟ್ಟೆಯಾಳದಿಂದ.
ಬಾಯಿ ತೆರೆಯುತ್ತೇನೆ, ಸದ್ದು ಬಿಡುವುದಿಲ್ಲ.
ಕೆಳಗೆ ಕುಂದಾಬಾಯಿ ಮಲಗಿರುತ್ತಾರೆ.
ಆದರೂ ಮೊನ್ನೆ ನನ್ನ ಕಾಲಿನ ಧಡಕಿಗೆ
ಕೋಲಿನಿಂದ ಮಾಡು ತಟ್ಟಿ ಕೇಳಿದರು:
"ಕಿತೆಂ ಗೋ, ರಾತಿಂ ನಾರ್ಲ್ ಫೊಡ್ತಾ?"
ಹೌದು ಬಾಯಿ, ತೆಂಗಿನಕಾಯಿ, ಎಂದೆ.
ಬೆಳಿಗ್ಗೆ ಅರ್ಧ ಹೋಳು ಕೇಳಿಕೊಂಡು ಬಂದರು.

ಎಲ್ಲಕ್ಕಿಂತ ಕಷ್ಟ ಬರೀ ನಿಲ್ಲುವುದು.
ಮುಂದಿನ ಮೊಣಕಾಲು ಮಡಚಿ, ಹಿಂದಿನದು ಸೆಟೆಸಿ,
ಸೊಂಟ ಇಳಿಸಿ, ಒಂದು ನಿಮಿಷ.
ಅರ್ಧಕ್ಕೇ ತೊಡೆ ನಡುಗಿ ಪಕ್ಕಕ್ಕೆ ವಾಲುತ್ತೇನೆ,
ಕೂದಲೆಳೆಯಷ್ಟೂ ಅಲುಗದ ಸಿಮೆಂಟು ನೆಲದ ಮೇಲೆ!
ಹದಿನಾರು ವರ್ಷ ಬಿಣಗಾ ಘಾಟಿನ ತಿರುವುಗಳಲ್ಲಿ
ಒಂದು ಕೈಯಲ್ಲಿ ಮಷಿನ್ನು, ಇನ್ನೊಂದರಲ್ಲಿ ನೋಟು,
ಕಂಕುಳಲ್ಲಿ ಯಾರದೋ ಕೂಸಿನ ಹಾಲಿನ ಬಾಟಲಿ,
ಕಂಬ ಮುಟ್ಟದೆ ನಿಂತವಳು.
ಹಾದಿಗೆ ಎಮ್ಮೆ ಬಂತೆಂದು ಬೀರಣ್ಣ ಬ್ರೇಕು ತುಳಿದಾಗ
ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸಿತ್ತು,
ನನ್ನೊಬ್ಬಳನ್ನು ಬಿಟ್ಟು.

ನಿನ್ನೆ ಏನು ಹೊಳೆಯಿತೋ,
ಮೊಳೆಯಿಂದ ಚರ್ಮದ ಚೀಲ ತೆಗೆದು
ಬಿಳಿ ಪಟ್ಟಿಯ ಮೇಲೆ ನೇತುಹಾಕಿಕೊಂಡೆ.
ಖಾಲಿ ಚೀಲ. ತಳದಲ್ಲಿ ಮೂರು ರೂಪಾಯಿ,
ಕೊಡುವಷ್ಟರಲ್ಲಿ ಇಳಿದುಹೋದ ಯಾರದೋ ಚಿಲ್ಲರೆ.
ಕಣ್ಣು ಮುಚ್ಚಿದೆ.
ಮಂಚಕ್ಕೂ ಕಪಾಟಿಗೂ ಮೆಲ್ಲಗೆ ಹೇಳಿದೆ:
ಮುಂದೆ ಹೋಗ್ರಿ, ಒಳಗೆ ಜಾಗ ಅದೆ, ಮುಂದೆ ಹೋಗ್ರಿ.

ನೆಲ ಸ್ವಲ್ಪ ಹೊರಟ ಹಾಗಾಯಿತು.
ಪಾದ ತಾನೇ ಅಗಲಿಸಿಕೊಂಡಿತು,
ಮೊಣಕಾಲು ಸಡಿಲ, ಭಾರ ಹೊಕ್ಕುಳ ಕೆಳಗೆ.
ಸರ್ ತೋರಿಸಿದ ಹಾಗೆ ಅಲ್ಲವೇ ಅಲ್ಲ,
ಆದರೆ ನಿಂತಿದ್ದೆ.
ದೂರದಲ್ಲಿ ರೈಲು ಕಾಳಿಯನ್ನು ದಾಟಿತು,
ದಾಟಿ ಮುಗಿದ ಮೇಲೂ ನಿಂತಿದ್ದೆ.
ಯಾವ ಸ್ಟಾಪೂ ಬರಲಿಲ್ಲ, ಯಾರೂ ಸೀಟಿ ಕೇಳಲಿಲ್ಲ.

ಸಾರು ತಳ ಹಿಡಿದ ವಾಸನೆಗೆ ಕಣ್ಣು ಬಿಟ್ಟೆ.
ಹಿಮ್ಮಡಿ ಎದ್ದಿತ್ತೋ ಏನೋ.
ಭಾನುವಾರ
ಪೂರ್ವಿಯನ್ನು ಕೇಳಬೇಕು.