ನೀರಿನ ಸದ್ದಿನ ಅಡಿಯಲ್ಲಿ

ಸಿನಿಮಾ ಇದ್ದದ್ದು ಹನ್ನೊಂದೇ ನಿಮಿಷ.
ದೊಡ್ಡದಕ್ಕೆ ದುಡ್ಡಿರಲಿಲ್ಲ. ಇಂಥದಕ್ಕೆ
ಹೊತ್ತೂ ಅಷ್ಟೇ ಸಿಗುವುದು:
ಅಪ್ಪ ಅಂಗಡಿಯಿಂದ ಬರುವಷ್ಟರಲ್ಲಿ,
ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ.

ಜಾರ್ಜಿಯಾದ ತೆಂಕಣ ಗಡಿಯ ಊರು.
ಮೇಲಿನ ಕೇರಿ ಅರ್ಮೇನಿಯದವರದು, ಕೆಳಗಿನದು ಅಜೇರಿಗಳದು,
ನಡುವೆ ಒಂದೇ ಒರತೆ, ಅದಕ್ಕೊಂದು ಕಬ್ಬಿಣದ ನಲ್ಲಿ.
ನನ್ನ ಕೆಲಸ, ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ
ಉಸಿರು ಬಿಗಿಹಿಡಿದು ನಿಲ್ಲುವುದು.
ಕಣ್ಣಿಗೆ ಕಾಣುವುದೆಲ್ಲ ತ್ಸಿಯಾಲಾಳದು;
ಕಿವಿಗೆ ಬೀಳುವುದಷ್ಟೇ ನನ್ನದು.

ಆ ಕೇರಿಯ ಹುಡುಗಿ, ಈ ಕೇರಿಯ ಹುಡುಗ.
ಕತೆ ಅಷ್ಟು ಹೇಳುವುದರೊಳಗೆ
ಚಹಾ ಕೊಟ್ಟ ಮನೆಗಳು ಲೋಟ ತೊಳೆದಿಟ್ಟವು.
"ನಟನೆ ತಾನೇ" ಅಂದಳು ತ್ಸಿಯಾಲಾ.
"ಹೆಸರು ಕೆಡಲಿಕ್ಕೆ ಅಷ್ಟು ಸಾಕಮ್ಮ" ಅಂದರು.
ನಗರದಿಂದ ಕರೆತಂದ ನಟಿಯೂ
ಮೂರನೆಯ ದಿನ ಬಸ್ಸು ಹತ್ತಿದಳು.
ಅವಳಣ್ಣ ಫೋನು ಮಾಡಿದ್ದನಂತೆ.

ಮುಖ ಬೇಡ, ಕೈ ಮಾತ್ರ ಹಿಡಿಯೋಣ ಅಂತಾಯಿತು.
ಕೈಯೂ ಸಿಗಲಿಲ್ಲ.

ಆಗ ಸಿರಾನುಶ್ ಬಂದಳು, ಎಪ್ಪತ್ತೊಂದರ ಮುದುಕಿ,
ಹಿಟ್ಟಿನ ಕೈ ಸೆರಗಿಲ್ಲದ ಉಡುಪಿಗೆ ಒರೆಸುತ್ತ:
"ನನ್ನವನ್ನು ತಗೊಳ್ಳಿ. ಇವಕ್ಕಿನ್ನು ಮದುವೆಯಾಗಬೇಕಿಲ್ಲ."
ಬಾಗಿಲ ತನಕ ಹೋಗಿ ಮತ್ತೆ ತಿರುಗಿ,
"ಗಂಡಸಿನ ಕೈ ಬೇಕಿದ್ದರೆ
ಕೆಳಗೆ ಚೂರಿ ಸಾಣೆ ಹಿಡಿಯುವ ಮುರ್ಸಲ್ ಇದ್ದಾನೆ,
ಕೇಳಿ ನೋಡಿ. ನಾನು ಹೇಳಿದೆ ಅನ್ನಬೇಡಿ."
ಅನ್ನಲಿಲ್ಲ. ಆತ ಕೇಳಿದ್ದೂ ಒಂದೇ:
"ಅಡುಗೆಮನೆ ಯಾರದು?"
ಮರುದಿನ ಬಿಳಿ ಅಂಗಿ ತೊಟ್ಟು ಬಂದ.

ದೃಶ್ಯ ಇಷ್ಟೇ, ದಾಳಿಂಬೆ ಬಿಡಿಸುವುದು.
ತ್ಸಿಯಾಲಾ ದೀಪ ಇಟ್ಟದ್ದು ಅಡ್ಡಗೋಡೆಯ ಮೇಲೆ,
ನಿಜವಾಗಿಯೂ; ಅರ್ಧ ಬೆಳಕು ಅವಳಿಗೆ, ಅರ್ಧ ಅವನಿಗೆ.
ಅವನು ಸೀಳುತ್ತಾನೆ, ಅವಳು ಬಿಡಿಸುತ್ತಾಳೆ,
ಕಾಳು ತಾಮ್ರದ ಬೋಗುಣಿಗೆ ಬೀಳುತ್ತದೆ,
ಮೊದಮೊದಲು ಟಣ್ ಟಣ್,
ತುಂಬುತ್ತ ಹೋದಂತೆ ಸದ್ದೇ ಇಲ್ಲ.
ಬೆರಳಿಗೆ ಬೆರಳು ತಾಗಬೇಕು ಅಂತ ಬರೆದಿತ್ತು.
ತಾಗಲಿಲ್ಲ. ಕೆಂಪು ರಸ ಮಾತ್ರ
ಅವನ ಹೆಬ್ಬೆರಳಿಂದ ಹಲಗೆಯ ಗೀರು ಹಿಡಿದು
ಅವಳ ಕಡೆ ಹರಿಯಿತು. ಅವಳು ಒರೆಸಲಿಲ್ಲ.

"ಕಟ್" ಅಂದಳು ತ್ಸಿಯಾಲಾ. ಕ್ಯಾಮೆರಾ ಕಣ್ಣು ಮುಚ್ಚಿತು.
ನಾನು ಯಂತ್ರ ನಿಲ್ಲಿಸಲು ಮರೆತಿದ್ದೆ.
ಹೆಡ್‌ಫೋನಿನಲ್ಲಿ, ನನ್ನ ತಲೆಯೊಳಗೇ ಕೂತು ಆಡಿದಂತೆ,
ಅವಳು ಅವನ ಭಾಷೆಯಲ್ಲಿ ಅಂದಳು:
"ಈಗಲೂ ಉಪ್ಪು ಜಾಸ್ತಿ ತಿನ್ನುತ್ತೀಯಾ?"
ಅವನು ಅವಳದರಲ್ಲಿ, ಹುಡುಕಿ ಹುಡುಕಿ:
"ಹೋದ ವರ್ಷ ಡಾಕ್ಟರು ಬಿಡಿಸಿದರು."
ಆಮೇಲೆ ಹನ್ನೆರಡು ಸೆಕೆಂಡು ಬರೀ ಉಸಿರು.

ತ್ಸಿಯಾಲಾಗೆ ಅದನ್ನು ಕೊಡಲಿಲ್ಲ. ಕೊಟ್ಟಿದ್ದರೆ
ಸಿನಿಮಾ ಇನ್ನೂ ಚೆನ್ನಾಗಿರುತ್ತಿತ್ತು,
ಎಲ್ಲೋ ಒಂದು ಪ್ರಶಸ್ತಿಯೂ ಬರುತ್ತಿತ್ತೇನೋ.
ಅಳಿಸಲೂ ಕೈ ಬರಲಿಲ್ಲ.
ಕಡೆಯ ದೃಶ್ಯದಲ್ಲಿ ನಲ್ಲಿ ಸುರಿಯುತ್ತದಲ್ಲ,
ಆ ನೀರಿನ ಸದ್ದಿನ ಅಡಿಯಲ್ಲಿ ಹುಗಿದಿಟ್ಟೆ,
ಗೊತ್ತಿದ್ದವರಿಗೆ ಮಾತ್ರ ಕೇಳುವಷ್ಟು.

ಶಾಲೆಯ ಗೋಡೆಗೆ ದುಪ್ಪಟಿ ಕಟ್ಟಿ ತೋರಿಸಿದೆವು.
ಮೇಲಿನವರು ಎಡಕ್ಕೆ, ಕೆಳಗಿನವರು ಬಲಕ್ಕೆ.
ಕೈ ಕಂಡಾಗ ಯಾರದೋ ಮೊಮ್ಮಗ ಕೇಳಿದ,
"ಯಾರ ಕೈ ಅದು?"
ಇಡೀ ಊರಿಗೆ ಗೊತ್ತಿತ್ತು. ಇಡೀ ಊರು ಕೆಮ್ಮಿತು.
ಸಿರಾನುಶಳ ಮಗ ಎದ್ದು ಹೊರಗೆ ಹೋದ;
ಕಿಟಕಿಯಾಚೆ ಅವನ ಸಿಗರೇಟಿನ ಕೆಂಡ
ಕೊನೆಯ ತನಕ ಅಲ್ಲೇ ಇತ್ತು.

ನೀರು ಸುರಿಯತೊಡಗಿತು.
ಮುರ್ಸಲನಿಗೆ ಎಡಗಿವಿ ಕೇಳಿಸದು,
ಸಾಣೆಕಲ್ಲು ತಿಂದುಹಾಕಿದೆ.
ಅವನು ಮೆಲ್ಲಗೆ ಕತ್ತು ಹೊರಳಿಸಿ
ಬಲಗಿವಿಯನ್ನು ಪರದೆಗೆ ಕೊಟ್ಟ.
ಹಾಗೆ ಹೊರಳಿದ ಮುಖ
ತಾನಾಗಿ ಎಡಗಡೆಯ ಸಾಲಿಗೆ ತಿರುಗಿತ್ತು.
ಕಿವುಡನ ಮೇಲೆ ಯಾರು ತಪ್ಪು ಹೊರಿಸುತ್ತಾರೆ?