ಇತರೆ

ಬೆಟಗೇರಿಯ ದನದ ದವಾಖಾನಿ ರಿಜಿಸ್ಟರಿನಾಗ
ಎತ್ತಿಗೊಂದು ಮನಿ, ಎಮ್ಮಿಗೊಂದು,
ಕುರಿ, ಆಡು, ಕೋಳಿಗೂ ಒಂದೊಂದು.
ಬೆಕ್ಕಿಗೆ ಇಲ್ಲ.
ಡಾಕ್ಟರ್ ಹಿತ್ತಲಮನಿ ಕಡೀ ಮನ್ಯಾಗ, "ಇತರೆ" ಅಂತ ಇದ್ದಲ್ಲಿ
ಎರಡು ಗೀಟು ಎಳದ್ರು.
ಹೊರಗ ಗೂಟಕ್ಕ ಕಟ್ಟಿದ ಎಮ್ಮಿ
ನನ್ನ ಬುಟ್ಟಿ ಮೂಸಿ ನೋಡಿತು.

ಸಿಕ್ಕಿದ್ದು ಪ್ರೆಸ್ಸಿನಾಗ,
ಕಟಿಂಗ್ ಮಷಿನ್ನಿನ ಹಿಂದ, ಕಾಗದದ ಚೂರಿನ ಗುಡ್ಡಿಯೊಳಗ.
ಲಗ್ನಪತ್ರಿಕೆ ಸೀಜನ್ನು. ಅರಿಶಿನ ಬಣ್ಣದ ರದ್ದಿ ಹಾಳಿ,
ಅಡ್ಡ ಕೊರೆದ ಗಣಪತಿ, ಅರ್ಧ ಉಳಿದ ಬೀಗರ ಹೆಸರು,
ನಡುವ ಇವೆರಡು, ಅಂಗೈ ತುಂಬದಂಥವು.
ತಾಯಿ ಮೂರು ದಿನದಿಂದ ಬಂದಿಲ್ಲ ಅಂದ ಇಮಾಮಸಾಬ.
ಸೋಮವಾರ ರದ್ದಿಯಾಂವ ಬರ್ತಾನ, ಚೀಲ ತುಂಬತಾನ.
ಹಂಗಂದಾಂವ ನನ್ನ ಮಾರಿ ನೋಡಲಿಲ್ಲ.
ಅವಂಗ ಗೊತ್ತೈತಿ.

ಹೋದ ವರ್ಷ ನಮ್ಮ ಮನ್ಯಾಗ ಒಂದಿತ್ತು.
ಕಾಲಿಗೆ ಅಂಟಿದ್ರ ಬಿಡತಿರಲಿಲ್ಲ, ಗೋಂದು ಅಂತ ಹೆಸರಿಟ್ಟಿದ್ವಿ.
ಒಂದು ಮಂಗಳವಾರ ಹಾಲು ಬಿಟ್ಟಿತು.
ಬುಧವಾರ ಹಳದಿ ನೊರಿ ಕಾರಿತು,
ನೀರಿನ ಬಟ್ಟಲದ ಮ್ಯಾಲ ಗದ್ದ ಇಟ್ಟು
ಕುಡಿಯದ ಕುಂತಿತ್ತು ರಾತ್ರಿಯೆಲ್ಲ.
ಶುಕ್ರವಾರಕ್ಕ ಮುಗೀತು.
ದವಾಖಾನಿಗೆ ನಾ ಒಯ್ದದ್ದು ಗುರುವಾರ.
ಬುಧವಾರ ಯಾಕ ಒಯ್ಯಲಿಲ್ಲ?
ಮುನ್ನೂರು ಡೈರಿ ಹೊಲಿಯೂದಿತ್ತು. ಅಷ್ಟ.

"ಈ ಬ್ಯಾನಿ ನೆಲದಾಗ ಕುಂದರತೈತಿ,
ವರ್ಷದ ತನಕ ಹೊಸ ಮರಿ ತರಬ್ಯಾಡ್ರಿ" ಅಂದಿದ್ರು.
ಹಾಸಿಗಿ ಅರಿವಿ ಸುಟ್ಟೆ. ಬಟ್ಟಲ ಒಗೆದೆ.
ಬ್ಲೀಚಿಂಗ್ ಪೌಡರ್ ಕಲಸಿ ಫರಸಿಕಲ್ಲು ತಿಕ್ಕಿದೆ,
ಸಂದಿ ಸಂದಿ ಬಿಡದ, ಉಗುರು ಬೆಳ್ಳಗಾಗೂ ತನಕ.
ಪ್ರೆಸ್ಸಿನ ಕ್ಯಾಲೆಂಡರಿನಾಗ ಆ ಶುಕ್ರವಾರಕ್ಕ ಗುರುತು ಹಾಕಿದೆ.

ಈಗ ಹನ್ನೊಂದು ತಿಂಗಳು, ಎಂಟು ದಿನ.

ಮಂದಿ ಕೇಳತಾರ, ಬೀದಿ ಮರಿ, ಏನೇನು ರೋಗ ತರ್ತಾವೋ.
ನಮ್ಮತ್ತಿ ಅಂತಾಳ, ಕೂದಲಾ ಹೊಟ್ಟ್ಯಾಗ ಹೋಗತಾವು.
ಓಣಿಯ ಖೈರುನ್ನಬಿ, ಕಿವ್ಯಾಗ ಕರೀ ಹುಡಿ ಐತೇನ ನೋಡು, ಹುಳ ಅದು.
ನೋಡಿದೆ. ಐತಿ.
ಒಂದರ ಕಣ್ಣಾಗ ಪಿಚ್ಚು, ಇನ್ನೊಂದರ ಹೊಟ್ಟಿ ತಂಬಿಗಿ.
ಅದಕ್ಕೆಲ್ಲ ಔಷಧ ಐತಿ, ಹನಿಯ ಲೆಕ್ಕ ಐತಿ.
ನನ್ನ ಅಂಜಿಕಿ
ಅವು ನನ್ನ ಮನಿಗೆ ಏನು ತರ್ತಾವ ಅಂತಲ್ಲ,
ನನ್ನ ಮನಿ ಅವಕ್ಕ ಏನು ಇಟ್ಟೈತಿ ಅಂತ.

"ಇಪ್ಪತ್ತೆರಡು ದಿನ ಕಮ್ಮಿ ಐತ್ರಿ" ಅಂದೆ.
ಹಿತ್ತಲಮನಿಯವರು ಪೆನ್ನಿನ ಟೊಪಗಿ ಹಾಕಿದ್ರು.
"ರೋಗಕ್ಕ ಕ್ಯಾಲೆಂಡರ್ ಓದಾಕ ಬರೂದಿಲ್ಲ ಅಕ್ಕಾರ.
ಸೂಜಿ ಹುಬ್ಬಳ್ಳಿಯಿಂದ ತರಸಬೇಕು. ಈಗ ಭಾಳ ಸಣ್ಣವದಾವು,
ಮೂರು ವಾರ ತಡೀರಿ.
ಅಲ್ಲೀತನಕ ನೆಲಕ್ಕ ಬಿಡಬ್ಯಾಡ್ರಿ."

ನೆಲಕ್ಕ ಬಿಡದ ಬೆಕ್ಕು ಸಾಕೂದು ಹೆಂಗ?
ಹೊಲಿಗಿ ಟೇಬಲ್ಲಿನ ಮ್ಯಾಲ ಹೊಸಾ ರಟ್ಟಿನ ಡಬ್ಬಿ,
ಒಳಗ ಅದ ಅರಿಶಿನ ಚೂರು, ಗುರುತಿನ ವಾಸನಿ ಇರಲಿ ಅಂತ.
ಚಪ್ಪಲಿ ಬಾಗಲ ಹೊರಗ. ಕೈ ಮೂರು ಸಲ.
ಮಗಳು ಸಾಲಿಯಿಂದ ಬಂದ್ರ ಅರಿವಿ ಬದಲಿ ಮಾಡಿ ಮುಟ್ಟಬೇಕು.
"ಯವ್ವಾ, ಇದೇನ ಮಡಿ?" ಅಂತ ನಗತಾಳ.
ಹೂಂ, ಮಡೀನ.
ಮಂದೀನ್ನ ಹೊರಗ ನಿಲ್ಲಸೂ ಮಡಿ ನಾ ಕಂಡೀನಿ.
ಇದು ಬ್ಯಾರೆ.

ಇನ್ನೂ ಹೆಸರಿಟ್ಟಿಲ್ಲ.
ಡಾಕ್ಟರ ಚೀಟಿಯಾಗ ಇದ್ದಂಗ, ಒಂದನೇದು, ಎರಡನೇದು.

ರಾತ್ರಿ ಎರಡಕ್ಕೆದ್ದು ಟಾರ್ಚ್ ಹಿಡಿದು ಹೇಲು ನೋಡತೀನಿ.
ಗಟ್ಟಿ ಐತಿ. ಕರ್ರಗ, ಹುಣಸಿಬೀಜದಂಗ.
ಇಂಥದಕ್ಕ ಕಣ್ಣಾಗ ನೀರು ಬರತಾವ ಅಂತ
ಯಾರ ಮುಂದ ಹೇಳಲಿ?
ಎರಡನೇದು ಬಟ್ಟಲದ ಕಡೆ ಹೊಂಟಿತು.
ಗದ್ದ ಇಡತೈತೋ,
ನಾಲಿಗಿ ಹಾಕತೈತೋ.

ಲಪ್. ಲಪ್.
ಲಪ್.

ಟಾರ್ಚ್ ಆರಸೂ ಹೊತ್ತಿಗೆ ಕಾಗದದ ಧೂಳಿಗೆ ನಾ ಒಮ್ಮೆ ಸೀನಿದೆ.
ಎರಡೂ ತಲಿ ಎತ್ತಿ
ನನ್ನನ್ನ ಭಾಳೊತ್ತು ನೋಡಿದವು.